ಕೂ ಮುಚ್ಚಿದ ನಂತರ ಕನ್ನಡಕ್ಕೊಂದು ಮುಕ್ತ ಸಾಮಾಜಿಕ ಜಾಲ

2024ರ ಜುಲೈ 3ರಂದು ಟ್ವಿಟರ್ ಮಾದರಿಯ ಕೂ ಆ್ಯಪ್‌ನ ಸ್ಥಾಪಕರಾದ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕಾ ಅವರು ತಮ್ಮ ಸೇವೆಯನ್ನು ನಿಲ್ಲಿಸುತ್ತಿರುವುದಾಗಿ ತಿಳಿಸಿದರು. ಉದ್ಯಮ ಪುಟಗಳಲ್ಲಿ ಅದು ನವೋದ್ಯಮವೊಂದು ಮುಚ್ಚಿದ ಸುದ್ದಿಯಾಗಿ ಬಂದು ಹೋಯಿತು. ಕನ್ನಡದ ಮಟ್ಟಿಗೆ ಅದು ಅದಕ್ಕಿಂತ ದೊಡ್ಡ ಘಟನೆಯೆಂದು ನಾನು ಭಾವಿಸುತ್ತೇನೆ. ಏಕೆಂದರೆ 2020ರಲ್ಲಿ ಬೆಂಗಳೂರಿನಿಂದ ಹೊರಟ ಆ ಆ್ಯಪ್ ಮೊದಲು ಬಂದದ್ದೇ ಕನ್ನಡದಲ್ಲಿ. ಹಿಂದಿ, ತಮಿಳು, ತೆಲುಗು ಮೊದಲಾದವು ಅನಂತರ ಸೇರಿಕೊಂಡವು. ಬೇರೆಲ್ಲ ಜಾಲಗಳಲ್ಲಿ ಇಂಗ್ಲಿಷಿನ ನಂತರ, ಹಿಂದಿಯ ನಂತರ ಸರದಿಯಲ್ಲಿ ನಿಂತು ಅಭ್ಯಾಸವಾಗಿದ್ದ ಭಾಷೆಗೆ ಅಪರೂಪಕ್ಕೆ ಮೊದಲ ಸ್ಥಾನ ಸಿಕ್ಕಿತ್ತು. 2021ರ ಫೆಬ್ರವರಿಯಲ್ಲಿ ರೈತ ಚಳವಳಿಗೆ ಸಂಬಂಧಿಸಿದ ಖಾತೆಗಳ ವಿಷಯದಲ್ಲಿ ಟ್ವಿಟರ್‌ಗೂ ಕೇಂದ್ರ ಸರ್ಕಾರಕ್ಕೂ ತಿಕ್ಕಾಟ ನಡೆದಾಗ ಸಚಿವರು, ಸರ್ಕಾರಿ ಇಲಾಖೆಗಳು, ನಟರು, ಆಟಗಾರರು ಕೂ ಕಡೆಗೆ ಬಂದರು. ಟೈಗರ್ ಗ್ಲೋಬಲ್, ಆಕ್ಸೆಲ್‌ನಂಥ ಸಂಸ್ಥೆಗಳು ಬಂಡವಾಳ ಹೂಡಿದವು. ಉತ್ತುಂಗದ ಕಾಲದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಮಂದಿ ಬಳಸುತ್ತಿದ್ದರೆಂದು ಸ್ಥಾಪಕರೇ ಹೇಳಿಕೊಂಡಿದ್ದಾರೆ. ಮುಂದೆ ಬಂಡವಾಳದ ಹರಿವು ಬತ್ತಿತು, ಬೇರೆ ಕಂಪನಿಗಳೊಂದಿಗೆ ನಡೆದ ಮಾತುಕತೆಗಳು ಕುದುರಲಿಲ್ಲ, ಅಂಗಡಿ ಮುಚ್ಚಿತು.

ಇಂಥದ್ದು ಕನ್ನಡಿಗರಿಗೆ ಹೊಸದೇನಲ್ಲ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ನಿಂತಾಗ ಸಾಹಿತ್ಯ, ಸಿನಿಮಾ, ಊರು, ಕಾಲೇಜುಗಳ ಹೆಸರಿನಲ್ಲಿ ಕಟ್ಟಿಕೊಂಡಿದ್ದ ಸಮುದಾಯಗಳು ಅಲ್ಲಿಗೇ ಮುಗಿದವು. 2019ರ ಏಪ್ರಿಲ್ 2ರಂದು ಗೂಗಲ್ ಪ್ಲಸ್‌ನ ಸಾಮಾನ್ಯ ಖಾತೆಗಳೂ ಹೋದವು. ಆರ್ಕುಟ್ ಮತ್ತು ಗೂಗಲ್ ಪ್ಲಸ್ ವಿದೇಶಿ ಕಂಪನಿಯವು, ನಮ್ಮ ಭಾಷೆಯ ಬಗ್ಗೆ ಅವರಿಗೆ ಕಾಳಜಿ ಇರಲಿಲ್ಲ ಎಂದು ಹೇಳಿ ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಕೂ ವಿಷಯದಲ್ಲಿ ಆ ಸಮಾಧಾನಕ್ಕೂ ಎಡೆಯಿಲ್ಲ. ಕಟ್ಟಿದವರು ನಮ್ಮವರು, ಮೊದಲ ಭಾಷೆ ನಮ್ಮದು, ಉದ್ದೇಶವೂ ಒಳ್ಳೆಯದೇ. ಹಾಗಿದ್ದರೂ ಕಂಪನಿಯ ಸರ್ವರ್ ನಿಂತ ದಿನ ಅಲ್ಲಿನ ಹೆಸರುಗಳು, ಪರಿಚಯಗಳು, ಒಬ್ಬರ ಮಾತಿಗೆ ಇನ್ನೊಬ್ಬರು ಕೊಟ್ಟ ಉತ್ತರಗಳು ಇದ್ದ ಹಾಗೇ ಬೇರೆ ಕಡೆಗೆ ಹೋಗುವ ದಾರಿ ಇರಲಿಲ್ಲ. ಸ್ವದೇಶಿಯಾಗಿದ್ದರೆ ಸಾಕು ಎಂಬ ನಂಬಿಕೆಯನ್ನು ನಾವು ಇಲ್ಲಿಗೆ ಬಿಡಬೇಕು. ಒಂದು ಜಾಲವನ್ನು ಯಾರು ಕಟ್ಟಿದರು ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ, ಅದನ್ನು ಬಿಟ್ಟು ಹೋಗುವವರು ತಮ್ಮ ಜೊತೆ ಏನನ್ನು ಒಯ್ಯಬಹುದು ಎಂಬುದು.

ಮುಕ್ತ, ವಿಕೇಂದ್ರೀಕೃತ ಜಾಲಗಳು ಉತ್ತರಿಸಲು ಹೊರಟಿರುವುದು ಈ ಪ್ರಶ್ನೆಗೇ. ಇದನ್ನು ನಮ್ಮವರಿಗೆ ವಿವರಿಸಲು ಯುಪಿಐಗಿಂತ ಹತ್ತಿರದ ಉದಾಹರಣೆ ನನಗೆ ತೋಚುವುದಿಲ್ಲ. ತರಕಾರಿ ಅಂಗಡಿಯವರು ಫೋನ್‌ಪೇ ಇಟ್ಟುಕೊಂಡಿರಲಿ, ಗೂಗಲ್ ಪೇ ಇಟ್ಟುಕೊಂಡಿರಲಿ, ಭೀಮ್ ಇಟ್ಟುಕೊಂಡಿರಲಿ, ನಮ್ಮ ಕೈಯಲ್ಲಿರುವ ಆ್ಯಪ್‌ನಿಂದಲೇ ಹಣ ಹೋಗುತ್ತದೆ; ಅವರ ಆ್ಯಪ್ ಯಾವುದೆಂದು ನಾವು ಕೇಳುವುದೂ ಇಲ್ಲ. ಅದೇ ಇನ್‌ಸ್ಟಾಗ್ರಾಮ್‌ನಲ್ಲಿ ಖಾತೆ ಇಲ್ಲದವರು ಇನ್‌ಸ್ಟಾಗ್ರಾಮ್‌ನಲ್ಲಿರುವ ಗೆಳತಿಗೆ ಒಂದು ಸಾಲು ಉತ್ತರ ಬರೆಯಲಾರರು. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು: ಯುಪಿಐನ ನಡುವೆ ಎನ್‌ಪಿಸಿಐ ಎಂಬ ಒಂದು ಕೇಂದ್ರ ಸಂಸ್ಥೆ ಇದೆ, ಪ್ರತಿಯೊಂದು ಪಾವತಿಯೂ ಅದರ ಮೂಲಕವೇ ಹಾದುಹೋಗುತ್ತದೆ. ನಾನು ಇಲ್ಲಿ ಬರೆಯುತ್ತಿರುವ ಜಾಲಗಳಲ್ಲಿ ಮುಖ್ಯವಾದ ಒಂದು ಬಗೆಯಲ್ಲಿ ಅಂಥ ಕೇಂದ್ರವೇ ಇಲ್ಲ.

ಆ ಬಗೆಗೆ ಫೆಡಿವರ್ಸ್ ಎಂಬ ಹೆಸರು ಬಳಕೆಯಲ್ಲಿದೆ. ಇದರ ಬೇರುಗಳು 2008ರಲ್ಲಿ ಇವಾನ್ ಪ್ರೊಡ್ರೊಮೌ ಆರಂಭಿಸಿದ ಐಡೆಂಟಿಕಾ ಜಾಲಕ್ಕೆ ಹೋಗುತ್ತವೆ. 2010ರಲ್ಲಿ ನ್ಯೂಯಾರ್ಕಿನ ನಾಲ್ವರು ವಿದ್ಯಾರ್ಥಿಗಳು ಜನರಿಂದ ದೇಣಿಗೆ ಎತ್ತಿ ಡಯಾಸ್ಪೊರಾ ಎಂಬ ಜಾಲ ಕಟ್ಟಿದರು. 2016ರಲ್ಲಿ ಜರ್ಮನಿಯ ಯೂಜೆನ್ ರೊಚ್ಕೊ ಟ್ವಿಟರ್‌ನಂತೆ ಕಿರುಬರಹಗಳಿಗಾಗಿ ಮಾಸ್ಟೊಡಾನ್ ಎಂಬ ತಂತ್ರಾಂಶ ತಂದರು. ಇವೆಲ್ಲವುಗಳ ಅನುಭವದಿಂದ ರೂಪುಗೊಂಡ ಆ್ಯಕ್ಟಿವಿಟಿಪಬ್ ಎಂಬ ಪ್ರೋಟೋಕಾಲನ್ನು, ಅಂದರೆ ಸರ್ವರ್‌ಗಳು ಪರಸ್ಪರ ಮಾತನಾಡುವ ನಿಯಮಾವಳಿಯನ್ನು, 2018ರ ಜನವರಿ 23ರಂದು ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಇದರ ಕೆಲಸ ಹೀಗಿದೆ. ಧಾರವಾಡದಲ್ಲಿ ಒಂದು ಸರ್ವರ್, ಶಿವಮೊಗ್ಗದಲ್ಲಿ ಇನ್ನೊಂದು ಇದೆ ಎಂದುಕೊಳ್ಳೋಣ. ಧಾರವಾಡದ ಸರ್ವರ್‌ನಲ್ಲಿ ಖಾತೆ ಇರುವವರ ವಿಳಾಸ ಇಮೇಲ್‌ನಂತೆ ಎರಡು ಭಾಗದ್ದು: ಅವರ ಹೆಸರು, ಅವರ ಸರ್ವರ್‌ನ ಹೆಸರು. ಅವರು ಒಂದು ಪೋಸ್ಟ್ ಬರೆದೊಡನೆ ಆ ಸರ್ವರ್ ಅದನ್ನು ಒಂದು ಚಿಕ್ಕ ಕಡತವಾಗಿ ಮಾಡಿ, ತನ್ನ ಡಿಜಿಟಲ್ ಸಹಿ ಹಾಕಿ, ಅವರನ್ನು ಫಾಲೋ ಮಾಡುವವರು ಎಲ್ಲೆಲ್ಲಿದ್ದಾರೋ ಆ ಸರ್ವರ್‌ಗಳ ಇನ್‌ಬಾಕ್ಸ್‌ಗೆ ತಲುಪಿಸುತ್ತದೆ. ಶಿವಮೊಗ್ಗದ ಸರ್ವರ್ ಸಹಿಯನ್ನು ಪರಿಶೀಲಿಸಿ ತನ್ನ ಓದುಗರಿಗೆ ತೋರಿಸುತ್ತದೆ. ಅಲ್ಲಿಂದ ಬರುವ ಉತ್ತರವೂ ಇದೇ ದಾರಿಯಲ್ಲಿ ಹಿಂದಿರುಗುತ್ತದೆ. ನಡುವೆ ಯಾವ ಕಂಪನಿಯೂ ಇಲ್ಲ, ಯಾವ ಪೋಸ್ಟ್ ಮೇಲೆ ಬರಬೇಕೆಂದು ತೀರ್ಮಾನಿಸುವ ಗುಪ್ತ ಲೆಕ್ಕಾಚಾರವೂ ಇಲ್ಲ. ಮಾಸ್ಟೊಡಾನ್‌ನ ಮುಖ್ಯ ಪುಟದಲ್ಲಿ ಬರೆದ ಸಮಯದ ಕ್ರಮದಲ್ಲೇ ಎಲ್ಲವೂ ಬರುತ್ತದೆ.

ಭಾರತದಲ್ಲಿ ಈ ಜಾಲದ ಹೆಸರು ಹೆಚ್ಚಿನವರ ಕಿವಿಗೆ ಬಿದ್ದದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತ್ತು. ನಾಜಿ ಸೆಲ್ಯೂಟ್ ಮಾಡಲು ಒಪ್ಪದೆ ಕೈಕಟ್ಟಿ ನಿಂತ ಜರ್ಮನ್ ಕಾರ್ಮಿಕನ ಪ್ರಸಿದ್ಧ ಚಿತ್ರ ಅವರ ಪುಟದಲ್ಲಿತ್ತು ಎಂಬುದು ಮೊದಲ ಕಾರಣ. ಇದನ್ನು ಪ್ರತಿಭಟಿಸಿ ಸಾವಿರಾರು ಭಾರತೀಯರು ಮಾಸ್ಟೊಡಾನ್‌ಗೆ ಬಂದರು, ಕೆಲವು ವಾರಗಳಲ್ಲಿ ಬಹುಪಾಲು ಮಂದಿ ಹಿಂದಿರುಗಿದರು. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ 44 ಶತಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡಾಗ ಇದೇ ಘಟನೆ ಜಗತ್ತಿನ ಮಟ್ಟದಲ್ಲಿ ನಡೆಯಿತು: ಮಾಸ್ಟೊಡಾನ್‌ನ ಮಾಸಿಕ ಬಳಕೆದಾರರ ಸಂಖ್ಯೆ 25 ಲಕ್ಷದ ಆಸುಪಾಸಿಗೆ ಏರಿ ಮತ್ತೆ ಇಳಿಯಿತು.

ಜನ ಹಿಂದಿರುಗಿದ್ದಕ್ಕೆ ತಂತ್ರಜ್ಞಾನದ ಕ್ಲಿಷ್ಟತೆಯೊಂದನ್ನೇ ಹೊಣೆ ಮಾಡುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ. ಯಾವ ಸರ್ವರ್ ಸೇರಬೇಕು ಎಂಬ ಮೊದಲ ಪ್ರಶ್ನೆಯೇ ಹಲವರನ್ನು ಹಿಮ್ಮೆಟ್ಟಿಸುತ್ತದೆ, ನಿಜ. ಆದರೆ ಕನ್ನಡದಲ್ಲಿ ಬರೆಯುವವರ ತೊಂದರೆ ಇನ್ನೂ ಸರಳವಾದದ್ದು: ಬರೆದದ್ದಕ್ಕೆ ಕನ್ನಡದಲ್ಲಿ ಉತ್ತರ ಕೊಡುವವರು ಸಿಗುವುದಿಲ್ಲ. ಗುಪ್ತ ಲೆಕ್ಕಾಚಾರವಿಲ್ಲದ ಜಾಲದಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಕೆಲಸವನ್ನು ಜನರೇ ಮಾಡಬೇಕು, ಅದಕ್ಕಿರುವ ಮುಖ್ಯ ಸಾಧನ ಹ್ಯಾಷ್‌ಟ್ಯಾಗ್. ಒಬ್ಬರು ಫೇಸ್‌ಬುಕ್ ಎಂದು ಬಿಡಿಸಿ ಬರೆದು ಇನ್ನೊಬ್ಬರು ಫೇಸ್ಬುಕ್ ಎಂದು ಒತ್ತಕ್ಷರದಲ್ಲಿ ಬರೆದರೆ ಗಣಕದ ಪಾಲಿಗೆ ಅವು ಎರಡು ಬೇರೆ ಪದಗಳು. ಪೋಸ್ಟ್‌ಗಳ ಪೂರ್ಣಪಠ್ಯ ಹುಡುಕಾಟಕ್ಕೆ ಮಾಸ್ಟೊಡಾನ್ 2023ರ 4.2ನೆಯ ಆವೃತ್ತಿಯಲ್ಲಿ ಅವಕಾಶ ಮಾಡಿಕೊಟ್ಟಿತು. ಅದೂ ಬರೆದವರು ಒಪ್ಪಿಗೆ ಕೊಟ್ಟಿದ್ದರೆ ಮಾತ್ರ. ಖಾಸಗಿತನದ ದೃಷ್ಟಿಯಿಂದ ಇದು ಒಳ್ಳೆಯ ನಿರ್ಧಾರ, ಚದುರಿ ಕುಳಿತ ಸಣ್ಣ ಭಾಷಾ ಸಮುದಾಯಕ್ಕೆ ಕಷ್ಟದ ನಿರ್ಧಾರ. ಎಲ್ಲರೂ ಒಂದೇ ಸರ್ವರ್‌ನಲ್ಲಿದ್ದರೆ ಅಲ್ಲಿನ ಸ್ಥಳೀಯ ಪುಟವನ್ನು ತೆರೆದ ಕೂಡಲೇ ಕನ್ನಡವೇ ಕಾಣುತ್ತದೆ. ಕನ್ನಡಕ್ಕೆ ತನ್ನದೇ ಸರ್ವರ್ ಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದು ಮೊದಲ ಕಾರಣ.

ಎರಡನೆಯ ಬಗೆಯ ಜಾಲ ಬ್ಲೂಸ್ಕೈ. 2019ರ ಡಿಸೆಂಬರ್‌ನಲ್ಲಿ ಟ್ವಿಟರ್‌ನ ಒಳಗಿನ ಯೋಜನೆಯಾಗಿ ಜ್ಯಾಕ್ ಡಾರ್ಸಿ ಪ್ರಕಟಿಸಿದ ಇದು ಮುಂದೆ ಜೇ ಗ್ರೇಬರ್ ನೇತೃತ್ವದಲ್ಲಿ ಸ್ವತಂತ್ರ ಕಂಪನಿಯಾಗಿ, 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆಯಿತು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಬ್ರೆಜಿಲ್‌ನ ಸುಪ್ರೀಂ ಕೋರ್ಟ್ ಎಕ್ಸ್ (ಮೊದಲಿನ ಟ್ವಿಟರ್) ಅನ್ನು ನಿರ್ಬಂಧಿಸಿದಾಗ ಲಕ್ಷಾಂತರ ಬ್ರೆಜಿಲಿಯನ್ನರು ಬ್ಲೂಸ್ಕೈ ಸೇರಿದರು. ಪೋರ್ಚುಗೀಸ್ ಭಾಷೆಯ ಒಂದು ಸಮುದಾಯ ಹೀಗೆ ಕೆಲವೇ ದಿನಗಳಲ್ಲಿ ಒಟ್ಟಾಗಿ ನೆಲೆ ಬದಲಿಸಿದ್ದು ಭಾಷಾ ಸಮುದಾಯಗಳ ಬಗ್ಗೆ ಯೋಚಿಸುವವರು ಗಮನಿಸಬೇಕಾದ ಸಂಗತಿ. ಬ್ಲೂಸ್ಕೈ ಬಳಸುವ ಎಟಿ ಪ್ರೋಟೋಕಾಲ್‌ನಲ್ಲಿ ಬಳಕೆದಾರರ ಬರಹವೆಲ್ಲ ಅವರದೇ ಒಂದು ಭಂಡಾರದಲ್ಲಿ ಇರುತ್ತದೆ, ಗುರುತು ಸರ್ವರ್‌ಗೆ ಕಟ್ಟುಬಿದ್ದಿರುವುದಿಲ್ಲ. ಸರ್ವರ್ ಬದಲಿಸಿದರೂ ಹಳೆಯ ಪೋಸ್ಟ್‌ಗಳೂ ಹಿಂಬಾಲಕರೂ ಜೊತೆಗೇ ಬರುತ್ತಾರೆ. ಸ್ವಂತ ಡೊಮೇನ್ ಇರುವ ಪತ್ರಿಕೆ ಅಥವಾ ಪ್ರಕಾಶನ ಸಂಸ್ಥೆ ಆ ಡೊಮೇನನ್ನೇ ಖಾತೆಯ ಹೆಸರಾಗಿ ಇಟ್ಟುಕೊಳ್ಳಬಹುದಾದ್ದರಿಂದ ಅಸಲಿ ಖಾತೆ ಯಾವುದೆಂಬ ಗೊಂದಲವೂ ಇರುವುದಿಲ್ಲ.

ಕಾಗದದ ಮೇಲೆ ಇದು ಮಾಸ್ಟೊಡಾನ್‌ಗಿಂತ ಮುಂದಿದೆ ಎಂದು ಒಪ್ಪಲೇಬೇಕು. ವಾಸ್ತವದಲ್ಲಿ ಖಾತೆಗಳಲ್ಲಿ ಬಹುಪಾಲು ಇನ್ನೂ ಆ ಕಂಪನಿಯ ಸರ್ವರ್‌ಗಳಲ್ಲೇ ಇವೆ, ಹೂಡಿಕೆದಾರರ ಹಣವೂ ಅದರಲ್ಲಿದೆ. ಆದ್ದರಿಂದ ಕೂ ಕಂಡ ಒತ್ತಡಗಳನ್ನು ಬ್ಲೂಸ್ಕೈ ಕಾಣುವುದೇ ಇಲ್ಲ ಎಂದು ಯಾರೂ ಭರವಸೆ ಕೊಡಲಾರರು. ಆದರೂ ಒಂದು ವ್ಯತ್ಯಾಸ ಈಗಾಗಲೇ ಕಂಡಿದೆ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ವಯಸ್ಸು ದೃಢೀಕರಣ ಕಾನೂನನ್ನು ಪಾಲಿಸಲಾಗದೆ ಬ್ಲೂಸ್ಕೈ ಅಲ್ಲಿ ತನ್ನ ಆ್ಯಪ್ ಅನ್ನು ತಡೆಹಿಡಿದಾಗ, ಅದೇ ಪ್ರೋಟೋಕಾಲ್ ಬಳಸುವ ಬೇರೆ ಆ್ಯಪ್‌ಗಳಿಗೆ ಆ ತಡೆ ಅನ್ವಯಿಸಲಿಲ್ಲ. ಬ್ಲ್ಯಾಕ್‌ಸ್ಕೈ ಎಂಬ ಕಪ್ಪುವರ್ಣೀಯರ ಸಮುದಾಯವಂತೂ ಕಂಪನಿಯನ್ನು ನೆಚ್ಚಿ ಕೂರದೆ ತನ್ನದೇ ಸರ್ವರ್, ತನ್ನದೇ ನಿಯಮ, ತನ್ನದೇ ಮಾಡರೇಶನ್ (ಬರಹಗಳ ಮೇಲಿನ ನಿಗಾ) ವ್ಯವಸ್ಥೆ ಕಟ್ಟಿಕೊಳ್ಳುತ್ತಿದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಕ್ಷೇತ್ರದಲ್ಲಿ ನಾವು ಎಲ್ಲಕ್ಕಿಂತ ಹತ್ತಿರದಿಂದ ನೋಡಬೇಕಾದ ಪ್ರಯೋಗ ಅದು.

ಮೆಟಾದ ಥ್ರೆಡ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಜುಲೈನಲ್ಲಿ ಬಂದು ಐದೇ ದಿನಗಳಲ್ಲಿ 10 ಕೋಟಿ ಬಳಕೆದಾರರನ್ನು ಪಡೆದ ಅದು ಆ್ಯಕ್ಟಿವಿಟಿಪಬ್ ಅನ್ನು ಅರೆಬರೆಯಾಗಿ ಅಳವಡಿಸಿಕೊಂಡಿದೆ. ಗೂಗಲ್ ಟಾಕ್ ಸಹ ಒಂದು ಕಾಲದಲ್ಲಿ ಎಕ್ಸ್‌ಎಂಪಿಪಿ ಎಂಬ ಮುಕ್ತ ಪ್ರೋಟೋಕಾಲ್ ಮೂಲಕ ಬೇರೆ ಸರ್ವರ್‌ಗಳ ಜೊತೆ ಮಾತನಾಡುತ್ತಿತ್ತು, 2013ರಲ್ಲಿ ಹ್ಯಾಂಗೌಟ್ಸ್ ಬಂದಾಗ ಆ ಬಾಗಿಲು ಮುಚ್ಚತೊಡಗಿತು. ದೊಡ್ಡ ಕಂಪನಿ ತನ್ನ ಇಚ್ಛೆಯಿಂದ ತೆರೆದ ಬಾಗಿಲನ್ನು ತನ್ನ ಇಚ್ಛೆಯಿಂದಲೇ ಮುಚ್ಚಬಲ್ಲದು. ಅದು ತೆರೆದಿರುವಷ್ಟು ಕಾಲ ಬಳಸಿಕೊಳ್ಳೋಣ, ಅದರ ಮೇಲೆ ಮನೆ ಕಟ್ಟುವುದು ಬೇಡ.

ಬಿಟ್ಟು ಹೋಗುವವರು ಏನನ್ನು ಒಯ್ಯಬಹುದು ಎಂಬ ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಮಾಸ್ಟೊಡಾನ್‌ನ ಸೆಟ್ಟಿಂಗ್‌ಗಳಲ್ಲಿ ಆಮದು ಮತ್ತು ರಫ್ತು ಎಂಬ ವಿಭಾಗವಿದೆ. ಅಲ್ಲಿ ನಾವು ಫಾಲೋ ಮಾಡುವವರ ಪಟ್ಟಿ, ನಿರ್ಬಂಧಿಸಿದವರ ಪಟ್ಟಿ, ಗುರುತು ಹಾಕಿಟ್ಟ ಪೋಸ್ಟ್‌ಗಳ ಪಟ್ಟಿ ಒಂದೊಂದೂ ಸಾಮಾನ್ಯ ಕೋಷ್ಟಕದ ಕಡತವಾಗಿ ಸಿಗುತ್ತವೆ, ಎಕ್ಸೆಲ್‌ನಲ್ಲಿ ತೆರೆದು ಓದಬಹುದು. ವಾರಕ್ಕೊಮ್ಮೆ ಇಡೀ ಖಾತೆಯ ಸಂಗ್ರಹವನ್ನು ಕೇಳಿ ಪಡೆಯಬಹುದು. ಆ ಸಂಗ್ರಹದೊಳಗಿನ ಔಟ್‌ಬಾಕ್ಸ್ ಎಂಬ ಕಡತದಲ್ಲಿ ನಾವು ಬರೆದ ಪ್ರತಿಯೊಂದು ಪೋಸ್ಟ್ ಸಾಲಾಗಿ ಕುಳಿತಿರುತ್ತದೆ: ಪ್ರಕಟವಾದ ದಿನ ಮತ್ತು ಸಮಯ, ಯಾರಿಗೆಂದು ಬರೆದದ್ದು, ಯಾವ ಪೋಸ್ಟ್‌ಗೆ ಉತ್ತರ, ಪೂರ್ಣ ಪಠ್ಯ, ಜೊತೆಗಿರುವ ಚಿತ್ರದ ಹೆಸರು. ನಾಳೆ ಮಾಸ್ಟೊಡಾನ್ ತಂತ್ರಾಂಶವೇ ಇಲ್ಲವಾದರೂ ಪ್ರೋಗ್ರಾಮಿಂಗ್ ಬಲ್ಲ ಒಬ್ಬ ವಿದ್ಯಾರ್ಥಿ ಅದನ್ನು ಓದಬಲ್ಲ ಪುಟಗಳಾಗಿ ಪರಿವರ್ತಿಸಬಹುದು. ಬೇರೆ ಸರ್ವರ್‌ಗೆ ಹೋಗುವುದಿದ್ದರೆ ಹೊಸ ಖಾತೆಯಲ್ಲಿ ಹಳೆಯ ವಿಳಾಸವನ್ನು ನಮೂದಿಸಿ, ಹಳೆಯ ಖಾತೆಯಲ್ಲಿ ಹೊಸ ವಿಳಾಸ ಕೊಟ್ಟರೆ ಹಿಂಬಾಲಕರು ತಾವೇ ಹೊಸ ಖಾತೆಗೆ ಬರುತ್ತಾರೆ. ಆದರೆ ಹಳೆಯ ಪೋಸ್ಟ್‌ಗಳು ಬರುವುದಿಲ್ಲ, ಅವು ಹಳೆಯ ಸರ್ವರ್‌ನಲ್ಲೇ ಉಳಿಯುತ್ತವೆ. ಇದು ದೊಡ್ಡ ಕೊರತೆ. ಎಟಿ ಪ್ರೋಟೋಕಾಲ್ ಈ ಕೊರತೆಯನ್ನು ನೀಗಿಸಿದ ಬಗೆಯನ್ನು ಆ್ಯಕ್ಟಿವಿಟಿಪಬ್ ಕಟ್ಟುತ್ತಿರುವವರು ಕಲಿಯಬೇಕು.

ಇನ್ನು ಕಷ್ಟದ ಮಾತು. ಸರ್ವರ್ ಸ್ಥಾಪಿಸುವುದು ಸುಲಭ, ವರ್ಷಗಟ್ಟಲೆ ನಡೆಸುವುದು ಬಹಳ ಕಷ್ಟ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದಂಥ ಸಂಸ್ಥೆಯೇ ತನ್ನ ಮಾಸ್ಟೊಡಾನ್ ಸರ್ವರ್ ಅನ್ನು 2024ರ ಡಿಸೆಂಬರ್‌ನಲ್ಲಿ ಮುಚ್ಚಿತು. 2024ರ ಫೆಬ್ರವರಿಯಲ್ಲಿ ಇನ್ನೊಂದು ಸರ್ವರ್, ತನ್ನ ಡೊಮೇನ್ ಅಫ್ಘಾನಿಸ್ತಾನದ ಸಂಕೇತದಲ್ಲಿ ಕೊನೆಗೊಳ್ಳುತ್ತಿದ್ದ ಕಾರಣಕ್ಕೆ, ತಾಲಿಬಾನ್ ಆಡಳಿತದ ಕ್ರಮದಿಂದ ವಿಳಾಸವನ್ನೇ ಕಳೆದುಕೊಂಡಿತು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳು ಕೆಲವು ಸರ್ವರ್‌ಗಳಲ್ಲಿ ಹರಿದಾಡುತ್ತಿರುವುದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ದಾಖಲಿಸಿದರು. ವಿಕೇಂದ್ರೀಕರಣವನ್ನು ಬೆಂಬಲಿಸುವವರು ಇಂಥ ಸಂಗತಿಗಳನ್ನು ಮುಚ್ಚಿಡಬಾರದು. ಪ್ರತಿ ಸರ್ವರ್‌ಗೂ ಕಣ್ಣಿಟ್ಟು ನೋಡುವ ಮನುಷ್ಯರು ಬೇಕು, ಕನ್ನಡದ ಸರ್ವರ್‌ಗಾದರೆ ಕನ್ನಡದ ಬೈಗುಳ, ಜಾತಿ ನಿಂದನೆ, ಹೆಣ್ಣುಮಕ್ಕಳ ಬಗೆಗಿನ ಸೂಚ್ಯ ಮಾತು ಇವುಗಳ ಒಳಾರ್ಥ ತಿಳಿದವರೇ ಬೇಕು. ದೊಡ್ಡ ಕಂಪನಿಗಳ ಜಾಲದಲ್ಲಿ ಕನ್ನಡದ ಜಾತಿ ನಿಂದನೆಯ ಬಗ್ಗೆ ದೂರು ಕೊಟ್ಟು, ನಿಯಮ ಉಲ್ಲಂಘನೆ ಆಗಿಲ್ಲ ಎಂಬ ಯಾಂತ್ರಿಕ ಉತ್ತರ ಪಡೆದವರಿಗೆ ಇದರ ಬೆಲೆ ಗೊತ್ತು.

ಕಾನೂನಿನ ಹೊಣೆಯೂ ಇದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಜಾಲಗಳಿಗೆ ಹೆಚ್ಚಿನ ಕಟ್ಟಳೆಗಳನ್ನು ವಿಧಿಸುತ್ತವೆಯಾದರೂ, ಕುಂದುಕೊರತೆ ಅಧಿಕಾರಿಯನ್ನು ಹೆಸರಿಸುವುದು, 24 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸುವುದು, ಸಾಮಾನ್ಯವಾಗಿ 7 ದಿನಗಳಲ್ಲಿ (2026ರ ಫೆಬ್ರವರಿಯ ತಿದ್ದುಪಡಿಗೆ ಮೊದಲು 15 ದಿನಗಳಲ್ಲಿ) ಇತ್ಯರ್ಥಪಡಿಸುವುದು ಸಣ್ಣವರಿಗೂ ತಪ್ಪಿದ್ದಲ್ಲ. ಸರ್ಕಾರದ ನಿರ್ಬಂಧ ಆದೇಶಗಳ ವಿರುದ್ಧ ಟ್ವಿಟರ್ ಹೂಡಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ವೆಚ್ಚ ವಿಧಿಸಿ ವಜಾಗೊಳಿಸಿತು. ಬರಹಗಳನ್ನು ತೆಗೆಯುವಂತೆ ಸರ್ಕಾರ ಜಾಲಗಳಿಗೆ ಸೂಚನೆ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ ಸಲ್ಲಿಸಿದ್ದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ಅದೇ ನ್ಯಾಯಾಲಯದಲ್ಲಿ ವಜಾ ಆಯಿತು. ಅಂಥ ಕಂಪನಿಯೇ ಬೆಂಗಳೂರಿನ ನ್ಯಾಯಾಲಯದಲ್ಲಿ ಸೋತಿರುವಾಗ, ರಜಾದಿನಗಳಲ್ಲಿ ಸರ್ವರ್ ನೋಡಿಕೊಳ್ಳುವ ಒಬ್ಬ ಇಂಜಿನಿಯರ್ ಒಂಟಿಯಾಗಿ ಏನು ಮಾಡಬಲ್ಲರು?

ಆದ್ದರಿಂದ ಒಬ್ಬ ಉತ್ಸಾಹಿಯ ಹೆಗಲ ಮೇಲೆ ಇದನ್ನು ಹೊರಿಸುವುದಕ್ಕೆ ನನ್ನ ವಿರೋಧವಿದೆ. ಇದು ಸಂಘದ ಕೆಲಸ, ಸಂಘ ಕಟ್ಟುವುದು ನಮ್ಮ ನಾಡಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ, ಕನ್ನಡ ಸಾಹಿತ್ಯ ಪರಿಷತ್ತು 1915ರಿಂದ ನಡೆದುಕೊಂಡು ಬಂದಿವೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸೋಷಿಯಲ್ ಕೋಆಪ್ ಎಂಬ ಮಾಸ್ಟೊಡಾನ್ ಸರ್ವರ್ 2017ರಿಂದ ಇದೇ ಸಹಕಾರಿ ತತ್ವದ ಮೇಲೆ ನಡೆಯುತ್ತಿದೆ: ಸದಸ್ಯರು ಚಂದಾ ಕೊಡುತ್ತಾರೆ, ನಿಯಮಗಳನ್ನು ಚರ್ಚಿಸಿ ಮತ ಹಾಕುತ್ತಾರೆ, ಲೆಕ್ಕಪತ್ರ ಎಲ್ಲರಿಗೂ ಕಾಣುತ್ತದೆ. ಸರ್ಕಾರಗಳೂ ಈ ಹಾದಿಯಲ್ಲಿವೆ: ಜರ್ಮನಿಯ ಒಕ್ಕೂಟ ಸರ್ಕಾರದ ಇಲಾಖೆಗಳಿಗೆ, ನೆದರ್ಲೆಂಡ್ಸ್ ಸರ್ಕಾರಕ್ಕೆ, ಯುರೋಪಿಯನ್ ಆಯೋಗಕ್ಕೆ ತಮ್ಮದೇ ಸರ್ವರ್‌ಗಳಿವೆ. ಮಳೆ, ಪ್ರವಾಹ, ಶಾಲಾ ರಜೆಯ ಪ್ರಕಟಣೆಗಳನ್ನು ನಮ್ಮ ಜಿಲ್ಲಾಡಳಿತಗಳು ಎಕ್ಸ್ ಮತ್ತು ಫೇಸ್‌ಬುಕ್‌ಗಳಲ್ಲಿ ಹಾಕುವ ಬದಲು, ಅಥವಾ ಅದರ ಜೊತೆಗೆ, ರಾಜ್ಯದ್ದೇ ಡೊಮೇನ್‌ನ ಸರ್ವರ್‌ನಿಂದ ಪ್ರಕಟಿಸುವುದಕ್ಕೆ ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ಲಾಗಿನ್ ಇಲ್ಲದೆ ಯಾರು ಬೇಕಾದರೂ ಓದಬಹುದಾದ ಪ್ರಕಟಣೆ ನಾಗರಿಕರ ಹಕ್ಕು ಎಂದು ನಾನು ನಂಬುತ್ತೇನೆ.

ಕಾನೂನಿನಿಂದ ಸಿಗಬಹುದಾಗಿದ್ದ ಒಂದು ನೆರವು ತಪ್ಪಿಹೋಗಿದೆ. 2019ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ಒಂದು ಸೇವೆಯಿಂದ ಇನ್ನೊಂದಕ್ಕೆ ದತ್ತಾಂಶ ಒಯ್ಯುವ ಹಕ್ಕು ಇತ್ತು. 2023ರಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಅದು ಇಲ್ಲ. ಯುರೋಪಿನವರಿಗೆ ಅಲ್ಲಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್‌ನ 20ನೆಯ ವಿಧಿ ಕೊಟ್ಟಿರುವುದನ್ನು ನಾವು ಸದ್ಯ ತಂತ್ರಾಂಶದ ಆಯ್ಕೆಯಿಂದ ಮಾತ್ರ ಪಡೆಯಬಹುದು. ಆ ಹಕ್ಕನ್ನು ಕಾಯ್ದೆಗೆ ಮರಳಿ ತರಬೇಕೆಂದು ಕೇಳಲು ಸಂಸದರಿಗೆ ಬರೆಯುವುದು, ಹೊಸ ಆ್ಯಪ್ ಸೇರುವುದಕ್ಕಿಂತ ಹೆಚ್ಚು ಉಪಯೋಗದ ಕೆಲಸವಾಗಬಹುದು.

ಕನ್ನಡದ ಸರ್ವರ್ ಒಂದನ್ನು ಯಾವುದಾದರೂ ಸಂಘ ಆರಂಭಿಸುವುದಾದರೆ ಅದರ ನಿಯಮಾವಳಿಯಲ್ಲಿ ಏನಿರಬೇಕೆಂಬುದಕ್ಕೆ ಒಂದು ಸಿದ್ಧ ಮಾದರಿ ಇದೆ. ಮಾಸ್ಟೊಡಾನ್ ಯೋಜನೆ ತನ್ನ ಅಧಿಕೃತ ಪಟ್ಟಿಯಲ್ಲಿ ಸೇರಿಸಿಕೊಳ್ಳುವ ಸರ್ವರ್‌ಗಳಿಂದ ನಾಲ್ಕು ಮಾತು ಪಡೆಯುತ್ತದೆ: ದ್ವೇಷದ ಬರಹಗಳ ವಿರುದ್ಧ ಸಕ್ರಿಯ ನಿಗಾ, ಪ್ರತಿದಿನದ ಬ್ಯಾಕಪ್, ತುರ್ತು ಸಂದರ್ಭದಲ್ಲಿ ಸರ್ವರ್ ನಿರ್ವಹಿಸಬಲ್ಲ ಇನ್ನೊಬ್ಬ ವ್ಯಕ್ತಿ, ಮುಚ್ಚುವುದಿದ್ದರೆ ಕನಿಷ್ಠ ಮೂರು ತಿಂಗಳ ಮುನ್ಸೂಚನೆ. ಇದಕ್ಕೆ ಐದನೆಯದೊಂದನ್ನು ನಾನು ಸೇರಿಸುತ್ತೇನೆ. ಬರೆದವರ ಒಪ್ಪಿಗೆ ಇರುವ ಸಾರ್ವಜನಿಕ ಪೋಸ್ಟ್‌ಗಳ ಒಂದು ಪ್ರತಿಯನ್ನು ವರ್ಷಕ್ಕೊಮ್ಮೆ ಕನ್ನಡದ ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಬೇಕು, ಆ ಗ್ರಂಥಾಲಯದ ಲಿಖಿತ ಒಪ್ಪಿಗೆಯನ್ನು ಸರ್ವರ್ ಆರಂಭವಾಗುವ ಮೊದಲೇ ಪಡೆದಿರಬೇಕು. ಮೂರು ತಿಂಗಳ ಅವಧಿಯಲ್ಲಿ ಸದಸ್ಯರು ತಮ್ಮ ಹಿಂಬಾಲಕರನ್ನು ಬೇರೆ ಸರ್ವರ್‌ಗೆ ಕರೆದೊಯ್ಯಬಹುದು, ಸಂಗ್ರಹವನ್ನು ಇಳಿಸಿಕೊಳ್ಳಬಹುದು. ಆ ವೇಳೆಗೆ ತೀರಿಕೊಂಡ ಸದಸ್ಯರ ಪರವಾಗಿ ಅದನ್ನು ಮಾಡುವವರು ಯಾರೂ ಇರುವುದಿಲ್ಲ, ಅವರ ಬರಹಕ್ಕೆ ಆ ಐದನೆಯ ನಿಯಮವೊಂದೇ ದಿಕ್ಕು.